ಅರವತ್ತೊಂಬತ್ತನೇ ಮನೆ

ಕುಲುಮೆಯ ಬಾಯಿಗೆ ಇಪ್ಪತ್ತೆರಡು ವರ್ಷ ನಿಂತವನು ನಾನು.
ಸೈರಾನ್ ಬರೀ ಲೆಕ್ಕದವನು.
ದಿನಕ್ಕೊಮ್ಮೆ, ಹನ್ನೊಂದಕ್ಕೆ, ಸಹಿ ಹಾಕಿಸಿಕೊಳ್ಳಲು
ಮೂರನೇ ಶೆಡ್ಡಿಗೆ ಬರುತ್ತಿದ್ದ.
ಕಾಲು ಗಂಟೆ; ನಾನು ಚಹಾ ಕೊಟ್ಟರೆ ಇಪ್ಪತ್ತು ನಿಮಿಷ.
ಆ ಐದು ನಿಮಿಷ ಇನ್ನೂ ನನ್ನ ಗಂಟಲಲ್ಲಿದೆ.

ಧೂಳು ಕುಡಿದವನು ನಾನು.
ಕೆಮ್ಮುವವನು ತಮ್ಮ.

ಬೆರಿಲಿಯಮ್ ಅನ್ನುವ ಹೆಸರು ಕಿವಿಗೆ ಬಿದ್ದದ್ದು ತಡವಾಗಿ,
ಮೊದಲು ಅದಕ್ಕೊಂದು ನಂಬರಿತ್ತು, ಅಷ್ಟೆ.
ಹಳಬರು ಅನ್ನುತ್ತಿದ್ದರು, ತುಟಿಗೆ ಹತ್ತಿದರೆ ಸಿಹಿ.
ಪಚ್ಚೆಕಲ್ಲಿನ ದಾಯಾದಿ, ಉಕ್ಕಿಗಿಂತ ಬಿಗಿ, ಎತ್ತಿದರೆ ಭಾರವೇ ಇಲ್ಲ,
ಆಕಾಶಕ್ಕೆ ಹೋಗುವ ಯಂತ್ರಗಳು
ಅದನ್ನು ತೊಟ್ಟುಕೊಂಡು ಹೋಗುತ್ತವಂತೆ.
ನಾವು ತೊಟ್ಟುಕೊಂಡು ಮನೆಗೆ ಬಂದೆವು,
ಇರ್ತಿಶ್ ಸೇತುವೆ ದಾಟಿ, ಆರನೇ ನಂಬರ್ ಟ್ರಾಮಿನಲ್ಲಿ.

ಡಾಕ್ಟರ್ ಫೈನಾ ಮಾರ್ಕೊವ್ನಾ
ಇಬ್ಬರ ರಕ್ತವನ್ನೂ ಗಾಜಿನ ತಟ್ಟೆಯಲ್ಲಿಟ್ಟು
ಕಣ್ಣಿಗೆ ಕಾಣದಷ್ಟು ಲೋಹ ಉಣಿಸಿದರು.
ನನ್ನದು ಸುಮ್ಮನೆ ಮಲಗಿತು, ಹೊಟ್ಟೆ ತುಂಬಿದ ನಾಯಿಯ ಹಾಗೆ.
ಅವನದು ಎದ್ದಿತು.
ಒಂದು ಎರಡಾಗಿ, ಎರಡು ನಾಲ್ಕಾಗಿ,
ಊರಿಗೆ ಊರೇ ದೊಣ್ಣೆ ಹಿಡಿದು ಕಳ್ಳನನ್ನು ಹುಡುಕಿದಂತೆ.
ಕಳ್ಳ ಸಿಗಲಿಲ್ಲ. ಮನೆಯನ್ನೇ ಸುಟ್ಟರು.

ಆಮೇಲೆ ಅಕ್ಷರದ ಮಾತು.
‘ಉದ್ದನೆಯ ಒಂದು ಸಾಲು, ಅದರಲ್ಲಿ ಅರವತ್ತೊಂಬತ್ತನೇ ಜಾಗ.
ಅಲ್ಲಿ ನಿಮ್ಮದು ಒಂದು, ನಿಮ್ಮ ತಮ್ಮನದು ಇನ್ನೊಂದು.
ಅದು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ,
ಇಲ್ಲದವರಿಗೆ ಬರುವುದೇ ಇಲ್ಲ ಅಂತಲೂ ಅಲ್ಲ...’
ಅಮ್ಮ ಅವತ್ತು ಮಧ್ಯಾಹ್ನವೆಲ್ಲ ಅವನ ಹಣೆ ಸವರುತ್ತ ಕೂತಳು.
ಬರೆದದ್ದು ಅಲ್ಲಿರಲಿಲ್ಲ.

ಚಿಕ್ಕಂದಿನಲ್ಲಿ ಒಂದೇ ಕಂಬಳಿ ಇಬ್ಬರಿಗೂ.
ಅವನಿಗೇ ದೊಡ್ಡ ಪಾಲು ಅಂತ
ಅಪ್ಪನ ಹತ್ತಿರ ಅತ್ತು ರಂಪ ಮಾಡುತ್ತಿದ್ದೆ.

ಈಗ ಸಂಜೆ ಕಿಟಕಿಯ ಪಕ್ಕ ಮಣೆ ಹಾಕಿಕೊಳ್ಳುತ್ತೇವೆ, ತೊಗಿಜ್ ಕುಮಲಾಕ್.
ಆಚೆ ಒಂಬತ್ತು ಗುಳಿ, ಈಚೆ ಒಂಬತ್ತು,
ಗುಳಿಗೆ ಒಂಬತ್ತು ಕಾಳು. ಗುಳಿ ಅಂದರೆ ಮನೆ.
ಎದುರಾಳಿಯ ಕೊನೆಯ ಕಾಳು ನಿನ್ನ ಮನೆಗೆ ಬಿದ್ದು
ಅಲ್ಲಿ ಮೂರಾದರೆ ಆ ಮನೆ ಅವನದು,
ಆಟ ಮುಗಿಯುವವರೆಗೆ.
ಇರುವುದು ನಿನ್ನ ಸಾಲಿನಲ್ಲೇ.
ದಾಟುವಾಗ ಕಾಳು ಹಾಕುವವನೂ ನೀನೇ, ಹಾಕಲೇಬೇಕು.
ಬಿದ್ದದ್ದೆಲ್ಲ ಅವನ ಕಣಜಕ್ಕೆ.

ಸೈರಾನ್ ಕಾಳು ಹಂಚುತ್ತಾನೆ, ಮೂರಕ್ಕೊಮ್ಮೆ ಉಸಿರಿಗೆ ನಿಲ್ಲುತ್ತಾನೆ.
ಆಮ್ಲಜನಕದ ಯಂತ್ರ ಗುಂಯ್ ಅನ್ನುತ್ತದೆ.
ನಾನು ಕಾಯುತ್ತೇನೆ. ನನಗೇನು.

ಅವನ ಮಗ ಎಲ್ದೋಸ್‌ಗೆ ಹತ್ತೊಂಬತ್ತು.
ಕಾರ್ಖಾನೆ ಗೇಟಿನಲ್ಲಿ ಅರ್ಜಿ ಕೊಟ್ಟು ಬಂದಿದ್ದಾನೆ,
ಬೇರೆ ಕಡೆ ಅರ್ಧ ಸಂಬಳ.
ಮೊದಲು ರಕ್ತ ಕೊಡು ಅಂದರು, ಕೊಟ್ಟ.
ಲಕೋಟೆ ಬಂದು ಆರು ದಿನ, ಬ್ರೆಡ್ ಡಬ್ಬಿಗೆ ಒರಗಿಸಿಟ್ಟಿದ್ದಾನೆ,
ಒಡೆದಿಲ್ಲ.
ಅಕ್ಷರ ಇದ್ದರೆ ಕೆಲಸವಿಲ್ಲ.
ಇಲ್ಲದಿದ್ದರೆ ಕೆಲಸವುಂಟು, ಧೂಳೂ ಉಂಟು.

‘ಏನಂತೀಯ ದೊಡ್ಡಪ್ಪ?’

ಧೂಳು ಸೋಸುವ ಯಂತ್ರ ಕೆಟ್ಟು ಎರಡು ಚಳಿಗಾಲವಾಯಿತು,
ಈಗ ಮನುಷ್ಯರನ್ನು ಸೋಸುತ್ತಿದ್ದಾರೆ,
ಅನ್ನಬೇಕೆಂದಿದ್ದೆ.
ಚಹಾ ಆರುತ್ತಿದೆ, ಕುಡಿ ಅಂದೆ.
ಅಂದವನೇ ಅವನ ಅಪ್ಪನ ಮುಖ ನೋಡಲಾರದೆ ಮಣೆ ನೋಡಿದೆ.

‘ನೂರ ಅರವತ್ತೆರಡು ಇರಬೇಕು,’ ಅಂದ ಸೈರಾನ್,
‘ಒಂದು ಕಡಿಮೆ ಇದೆ.’
ಲೆಕ್ಕದವನಲ್ಲವೇ.

ಹುಡುಗ ಮೊಣಕಾಲೂರಿ ಮಂಚದ ಕೆಳಗೆ ತಲೆ ಹಾಕಿದ.
ಬೇಡ, ಅಲ್ಲಿ ಧೂಳು, ಅಂದೆ.
ಕೂಗಿದೆನೇನೋ.

‘ಬರೀ ಮನೆ ಧೂಳು, ದೊಡ್ಡಪ್ಪ.’