ಮೊಹರು ಬೀಳುವ ಜಾಗ

ಮೂವತ್ತೊಂದು ವರ್ಷ
ನಾನು ಮುಖಗಳ ಮೇಲೆ ಹೊಡೆದಿದ್ದೇನೆ.
ರಾಜರು, ವಿಜ್ಞಾನಿಗಳು, ಒಂದು ನವಿಲು,
ಹೆಸರು ಓದದೆ ಬಿಟ್ಟ ಎಷ್ಟೋ ಗಡ್ಡ, ಎಷ್ಟೋ ಪೇಟ.
ಮೊಹರಿನ ಹಿಡಿ ಸವೆದು
ನನ್ನ ಅಂಗೈ ಅಳತೆಗೆ ಬಂದಿದೆ.
ಗುಳೇದಗುಡ್ಡ ಉಪ ಅಂಚೆ ಕಚೇರಿ, ದಿನಾಂಕ, ಠಪ್.
ಮಸಿ ತೆಳುವಾದರೆ ಇನ್ನೊಮ್ಮೆ, ಠಪ್.

ಆ ಮಂಗಳವಾರ ಹುಲ್ಲಿಕೇರಿ ಟೀಚರು
ಒಂಬತ್ತನೇ ಇಯತ್ತೆಯ ಏಳು ಮಕ್ಕಳನ್ನು ಕರೆತಂದರು.
ಕಂಕುಳಲ್ಲಿ ಡ್ರಾಯಿಂಗ್ ಹಾಳೆ, ಉಗುರಲ್ಲಿ ಬಣ್ಣ.
ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿಗೆ ನಿಂತವರ
ನೆನಪಿಗೆ ಅಂಚೆಚೀಟಿ ಬರೆಯುತ್ತಾರಂತೆ.
"ಖರೇ ಚೀಟಿ ಹ್ಯಾಂಗಿರ್ತದ, ತೋರಸ್ರಿ ಸರ್."

ತೋರಿಸಿದೆ. ಭೂತಗನ್ನಡಿಯನ್ನೂ ಕೊಟ್ಟೆ.
ತೌಸೀಫ ಬಾಗವಾನ ಹತ್ತಿಹೊಲ ಬರೆದಿದ್ದ,
ನಡುವೆ ಫ್ಯಾನಿ ಲೂ ಹೇಮರ್ ಎಂಬ ಗಟ್ಟಿ ಹೆಂಗಸು.
ಮತಪಟ್ಟಿಗೆ ಹೆಸರು ಹಚ್ಚಲು ಹೋದದ್ದಕ್ಕೆ
ದುಡಿವ ಹೊಲ, ಇರುವ ಮನೆ ಎರಡೂ ಹೋದಾಕಿ.
ಹತ್ತಿ ಮಾತ್ರ ನಮ್ಮ ಕಡೆಯದು,
ಕೋಟೆಕಲ್ಲಿನ ದಾರಿಯಲ್ಲಿ ಒಡೆದು ನಿಂತದ್ದು.
"ಪರದೇಶದವ್ರು ನಮ್ಮ ಚೀಟ್ಯಾಗ ಬರ್ತಾರೇನ್ರಿ?"
ನಿಯಮ ಗೊತ್ತಿರಲಿಲ್ಲ. ನೋಡಿ ಹೇಳತೀನಿ ಅಂದೆ.
ಇನ್ನೂ ನೋಡಿಲ್ಲ.

ಕಳಕೇಶನಿಗೆ ಬೆಲೆಯದೇ ಚಿಂತೆ:
ಇಂಥವರಿಗೆ ಐದು ರೂಪಾಯಿ ಅಂತ ಬರದ್ರ
ಕಡಿಮಿ ಆತೇನ್ರಿ?

ಮೈನಾ ಮಾದರ ಕೊನೆಗೆ ಬಂದಳು.
ಅವಳ ಅವ್ವ ಖಣದ ಕುಪ್ಪಸ ಹೊಲಿಯುತ್ತಾಳೆ.
ಆ ಮಷೀನಿಗೆ ದಾರ ಹಾಕದೆ, ಬರೀ ಸೂಜಿ ಓಡಿಸಿ
ಹಾಳೆಯ ಸುತ್ತ ತೂತು ಹೊಡೆದಿದ್ದಳು,
ಅಸಲಿಗಿಂತ ಸಮನಾಗಿ.
ಒಳಗೊಂದು ಬಸ್ಸು. ಕಿಟಕಿಗೆ ರೋಸಾ ಪಾರ್ಕ್ಸ್.
"ಆಕೀನೂ ಟೇಲರ್ ರೀ, ನಮ್ಮವ್ವನಂಗ.
ಹೊಲದು ಹೊಲದು ಮನಿಗೆ ಹೊಂಟಿದ್ಲು.
ಏಳು ಅಂದ್ರು. ಏಳಲಿಲ್ಲ."
ಡಬ್ಬಿಯಲ್ಲಿ ಮೈಬಣ್ಣ ಎಂದು ಬರೆದ ಬಳಪ
ತರಗತಿಯ ಯಾರ ಮೈಗೂ ಹೊಂದಲಿಲ್ಲವಂತೆ;
ತನ್ನ ಮೊಣಕೈ ಪಕ್ಕ ಇಟ್ಟು
ಕಾವಿಗೆ ಕಪ್ಪು ಕಲೆಸಿದ್ದಳು.

ಬಾಜೂ ಸೀಟು ಖಾಲಿ.
ಯಾಕೆ, ಮುಗಿಸಿಲ್ಲವಾ ಎಂದೆ.
"ನೀವು ಮಾರಿ ಮ್ಯಾಲೆ ಹೊಡೀತೀರಲ್ರೀ,
ಅದಕ್ಕ ಜಾಗಾ ಬಿಟ್ಟೀನಿ.
ನಿಮ್ಮ ಮೊಹರು ಆಕಿ ಬಾಜೂಕ ಕುಂದ್ರಲಿ."

ಎಂಟು ದಿನಕ್ಕೆ ಕೆಂಪು ಡಬ್ಬಿಯಲ್ಲಿ
ಅದೇ ಚೀಟಿ, ನೇಕಾರರ ಗಂಜಿಯಲ್ಲಿ ಅಂಟಿಸಿದ್ದು.
ವಿಳಾಸ: ನಮ್ಮ ಅಮ್ಮ ದ್ಯಾಮವ್ವ ಮಾದರ, ಕೋಟೆಕಲ್.
ಚೀಟಿ ಸರಕಾರದ್ದಲ್ಲ. ಈ ನಿಯಮ ಗೊತ್ತಿದೆ:
ಬೇರಂಗ. ಪಡೆದವರಿಂದ ಇಮ್ಮಡಿ ವಸೂಲಿ.
ಕೆಂಪು ಪೆನ್ನು ತೆಗೆದೆ.

ದ್ಯಾಮವ್ವ.
ಆಗ ಇಲ್ಲೇ ಇದ್ದಳು, ನಾನು ಕೆಲಸಕ್ಕೆ ಸೇರಿದ ಹೊಸತು.
ತಿಂಗಳಿಗೊಮ್ಮೆ ವಿಧವಾ ವೇತನದ ಮನಿಯಾರ್ಡರು.
ಬೆಂಚು ಒಳಗಿತ್ತು, ಖಾಲಿಯೇ ಇತ್ತು.
ಅವಳು ಮೆಟ್ಟಿಲ ಕೆಳಗೆ.
ಬಾ ಎಂದವರಿಲ್ಲ, ನಾನೂ.
ಹೆಬ್ಬೆಟ್ಟು ಒತ್ತಿದ ಕಾಗದ ನೆಲಕ್ಕಿಟ್ಟು
ಸರಿದು ನಿಲ್ಲುತ್ತಿದ್ದಳು.
ನೋಟು ಎಣಿಸಿ ಮೇಲಿನಿಂದ ಬಿಡುತ್ತಿದ್ದೆ,
ಸೆರಗೊಡ್ಡಿ ಹಿಡಿಯುತ್ತಿದ್ದಳು.
ಚಿಲ್ಲರೆ ಒಮ್ಮೊಮ್ಮೆ ಗಟಾರಕ್ಕೆ ಉರುಳುತ್ತಿತ್ತು.
ಅದನ್ನು ನಾನು ಹೊಡೆದದ್ದೆಂದು
ಯಾವತ್ತೂ ಎಣಿಸಿರಲಿಲ್ಲ.

ಪೆನ್ನು ಮುಚ್ಚಿದೆ. ನನ್ನ ಜೇಬಿನ ದುಡ್ಡಲ್ಲಿ
ಐದರ ಅಸಲಿ ಚೀಟಿ ಅದರ ಕೆಳಗೆ ಹಚ್ಚಿದೆ.
ತೀರಿತೆಂದಲ್ಲ. ಐದು ರೂಪಾಯಿಗೆ ಈಗ
ಬಾದಾಮಿ ಬಸ್ಸು ಊರ ಹೊರಗೂ ಬಿಡುವುದಿಲ್ಲ.

ಅಸಲಿಯ ಮೇಲೆ ಠಪ್.
ಆಮೇಲೆ, ಯಾವ ನಿಯಮದಲ್ಲೂ ಇಲ್ಲದ್ದು,
ಖಾಲಿ ಸೀಟಿಗೆ ಗುರಿಯಿಟ್ಟೆ.
ಇಷ್ಟು ವರ್ಷ ನೋಡದೆ ಹೊಡೆದ ಕೈ
ನೋಡಿ ಹೊಡೆಯುವಾಗ ಅಳುಕಿತು.
ಮೊಹರು ಜಾರಿ
ಅಂಚಿನ ಮಸಿ ಅವಳ ಭುಜಕ್ಕೆ ತಾಗಿತು.

ಅವಳು ಏಳಲಿಲ್ಲ.