ಕಾಳು ಕಚ್ಚಿ ನೋಡುವವನು

ಕಲಬುರಗಿ ಗಂಜ್‌ನಲ್ಲಿ ಲಿಲಾವು ಶುರುವಾಗುವ ಮೊದಲೇ
ನಮ್ಮ ಮೇಜು ಹಾಕಿರಬೇಕು.
ಬರಿಹೊಟ್ಟೆಯ ರಕ್ತ ಬೇಕಲ್ಲ,
ಚಹಾದ ಹುಡುಗ ಕೆಟಲಿ ಹಿಡಿದು ಬಂದನೆಂದರೆ
ಅರ್ಧ ಹೆಸರುಪಟ್ಟಿ ಹಾಳು.

ಹಮಾಲರು ತೋಳು ಚಾಚುತ್ತಾರೆ.
ಅವರ ನರ ಹುಡುಕುವುದೇ ಬೇಡ,
ಹಗ್ಗ ಎದ್ದು ನಿಂತಿರುತ್ತದೆ.
ಅಡತಿ ಅಂಗಡಿಯವರ ತೋಳಲ್ಲಿ ಮಾತ್ರ
ಕರೆಂಟು ಹೋದಾಗ ಕಡ್ಡಿಪೆಟ್ಟಿಗೆ ತಡವಿದ ಹಾಗೆ.

ಅಂಬಾರಾಯನದು ಇಪ್ಪತ್ತೇಳನೇ ಟ್ಯೂಬು.
ಚೀಲದ ಹೊಟ್ಟೆಗೆ ಉಕ್ಕಿನ ಕೊಳವೆ ಚುಚ್ಚಿ
(ನನ್ನ ಸೂಜಿಯ ದೊಡ್ಡಣ್ಣ ಅದು)
ಹಿಡಿ ತೊಗರಿ ಸುರಿದುಕೊಂಡು
ಒಂದೇ ಕಾಳನ್ನು ಹಲ್ಲಿನ ನಡುವೆ ಇಟ್ಟು ಕಚ್ಚುತ್ತಾನೆ.
ಟಕ್ ಅಂದರೆ ಒಣ ಮಾಲು.
ಸದ್ದು ನುಂಗಿಕೊಂಡರೆ,
"ಇದಕ್ಕ ನಾಗರಪಂಚಮಿ ಹೊತ್ತಿಗಿ ಬೂಸರು ಬರ್ತದ"
ಎಂದು ಧಾರಣಿಯಲ್ಲಿ ಇನ್ನೂರು ಕಡಿಯುತ್ತಾನೆ.
ಚೀಲದೊಳಗೆ ಬೂಸರಿಲ್ಲ. ಯಾರೂ ಕಂಡಿಲ್ಲ.
ಆದರೂ ರೈತ, ದಲಾಲಿ, ಮಿಲ್ಲಿನವ ಎಲ್ಲರೂ ಒಪ್ಪುತ್ತಾರೆ.
ಮೂವತ್ತು ವರ್ಷದ ಹಲ್ಲು.

ವರದಿ ಹೈದರಾಬಾದಿನಿಂದ ಬಂದದ್ದು ಹೋಳಿಯ ಮರುದಿನ.
ನೀನೇ ಹೇಳಿಬಿಡು ಎಂದು ಡಾಕ್ಟರು ನನಗೆ ಬಿಟ್ಟರು.
ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್,
ಬೆನ್ನಿಗೆ ಟೈರೊಸಿನ್,
ಲಗ್ನಪತ್ರಿಕೆಯ ತಳದಲ್ಲಿ ಅಚ್ಚಾದ
ಗುರುತಿಲ್ಲದ ಬೀಗರ ಹೆಸರುಗಳು.
"ಶುಗರ್ ಎಷ್ಟದ?"
"ತೊಂಬತ್ತಾರು."
"ಮತ್ಯಾಕ ಮಾರಿ ಹಿಂಗ ಮಾಡ್ಕೊಂಡಿದಿ, ಜಗದೇವಿ?"

ಹೇಳಿದೆ. ಸಕ್ಕರೆ ಈಗ ಸರಿಯಿದೆ,
ಈ ಅಮೈನೊ ಆಮ್ಲಗಳು ಮಾತ್ರ ಮೇಲೆದ್ದಿವೆ.
ಹೀಗೆ ಎದ್ದವರಲ್ಲಿ ಕೆಲವರಿಗೆ
ಹತ್ತು ಹನ್ನೆರಡು ವರ್ಷಕ್ಕೆ ಸಕ್ಕರೆ ಕಾಯಿಲೆ ಬಂದದ್ದುಂಟು.
ಎಲ್ಲರಿಗೂ ಅಲ್ಲ.
ಬರ್ತದ ಅಂತ ಬರೆದಿಲ್ಲ ಅಣ್ಣಾ, ಬರಬಹುದು ಅಂತ.

"ಬ್ಯಾಳಿ ಬಿಡ್ಲೇನು?"
ಕೇಳುವಾಗ ಅವನ ದನಿ ಸಣ್ಣಗಾಯಿತು,
ಮಗನ ಮೇಲಿನ ಫಿರ್ಯಾದಿ
ಸಾಲಿಯ ಬಾಗಿಲಲ್ಲಿ ನಿಂತು ಕೇಳುವವನ ಹಾಗೆ.

ಬ್ಯಾಳಿದಷ್ಟೇ ತಪ್ಪಲ್ಲ ಅಂದೆ.
ಹಿಂದಿನ ದಾಲ್ ಮಿಲ್ಲು ನೋಡ್ರಿ,
ಒಡೆಯುವ ಕಲ್ಲು ಸವೆದು ನಿಧಾನವಾದರೆ
ಇಡೀ ಕಾಳು ಅಂಗಳದಲ್ಲಿ ಗುಡ್ಡೆ ಬೀಳ್ತದ.
ಮಾಲು ಹೆಚ್ಚು ಬಂತೋ, ಕಲ್ಲೇ ದಣಿಯಿತೋ,
ಅಂಗಳ ನೋಡಿ ಹೇಳಲಾಗದು.
ಆ ಗುಡ್ಡೆಯೇ ಕಲ್ಲನ್ನು ಕೆಡಿಸುತ್ತದೋ
ಕೆಟ್ಟ ಕಲ್ಲಿನ ಸುದ್ದಿಯನ್ನಷ್ಟೇ ಹೊತ್ತು ನಿಂತಿದೆಯೋ
ಓದಿದವರಿಗೂ ಇನ್ನೂ ಪೂರಾ ತಿಳಿದಿಲ್ಲ.

"ಗೊತ್ತಿಲ್ಲಂತ ಹೇಳ್ಲಿಕ್ಕ ಇಷ್ಟು ರಕ್ತ ತಗೊಂಡ್ರಿ?"
ನಕ್ಕ. ಚೀಲದ ಮೇಲೆ ಕೂತ ಪೀರಪ್ಪನೂ ನಕ್ಕ.
ನಾನು ಒಂದು ಕಾಳೆತ್ತಿ
ಅಂಬಾರಾಯನ ಅಂಗೈಯಲ್ಲಿಟ್ಟೆ.
ಇದರಾಗಿನ ಬೂಸರು ತೋರಸ್ರಿ.

ನಗು ನಿಂತಿತು.
ಕಾಳನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ,
ಎಸೆಯಲೂ ಇಲ್ಲ.
ಎರಡು ಲಾರಿ ತುಂಬಿ ಹೋದ ಮೇಲೆ ಅಂದ:
"ಹಸಿ ಮಾಲಿದ್ರ ಬಿಸಲಿಗಿ ಹಾಕ್ರಿ ಅಂತೀವಿ ನಾವು.
ನನ್ನ ಎಲ್ಲಿ ಒಣಗಸ್ತಿ?"

ನಡೀರಿ ಅಂದೆ. ದಿನಾ, ಅಪ್ಪನ ಕೆರಿ ದಂಡಿಗೆ.
ಹೊಟ್ಟಿ ಇಳಸ್ರಿ.
ಎಲ್ಲ ಕಾಯಿಲೆಗೂ ನಾವು ಕೊಡುವ ಅದೇ ಸಪ್ಪೆ ಉತ್ತರ.
ಮೂರು ಊರು ದಾಟಿ, ಮಂಜುಗಡ್ಡೆಯಲ್ಲಿ ಕೂತು ಹೋದ ರಕ್ತ
ಇಷ್ಟನ್ನೇ ಹೊತ್ತು ಬಂತಲ್ಲ ಎಂದು
ನನಗೇ ನಾಚಿಕೆ.

ನಲವತ್ತು ಜನ ಬೇಕಿತ್ತು.
ಸೂಜಿ ನೋಡಿ ಒಬ್ಬ ಓಡಿಹೋದ.
ನಲವತ್ತನೇ ಟ್ಯೂಬು ನನ್ನದು.
ಲಕೋಟೆ ಇನ್ನೂ ಒಡೆದಿಲ್ಲ,
ಪರ್ಸಿನಲ್ಲಿದೆ, ಬಸ್ ಪಾಸಿನ ಹಿಂದೆ.
ಅವ್ವನ ಕಾಲಿನ ಬೆರಳು ತೆಗೆದದ್ದು ಐವತ್ತೆರಡಕ್ಕೆ.
ನನಗೀಗ ಮೂವತ್ತೊಂಬತ್ತು.

ರಾತ್ರಿ ಬೇಳೆ ತೊಳೆಯುವಾಗ
ಸಿಪ್ಪೆ ಬಿಡದ ಒಂದು ಇಡೀ ಕಾಳು ಸಿಕ್ಕಿತು.
ಸೆರಗಿನಲ್ಲಿ ಒರೆಸಿ
ಹಲ್ಲಿನ ನಡುವೆ ಇಟ್ಟು ಕಚ್ಚಿದೆ.
ಅದೇ ಹೊತ್ತಿಗೆ ಅನ್ನದ ಕುಕ್ಕರು ಸೀಟಿ ಹೊಡೆಯಿತು,
ಸದ್ದು ಕೇಳಿಸಲೇ ಇಲ್ಲ.