ಎಂಟು ಮಂದಿ ತುಂಬಿದ ಮೇಲೆ

ಗಫೂರ್ ಸಾಬರ ಗುಜರಿಯಲ್ಲಿ ತೂಕಕ್ಕೆ ಕೊಂಡ ಮೂಟೆಯೊಳಗೆ
ಅದಿತ್ತು, ಅಂಗೈಯಷ್ಟು ಯಂತ್ರ,
ಬೆನ್ನಿಗೊಂದು ಕಡ್ಡಿ, ಬೂದಿ ಬಣ್ಣದ ಗಾಜು.
ಸಿಮ್ ತುರುಕುವ ಬಾಯಿ ಎಲ್ಲೂ ಇಲ್ಲ.
"ಮೂಕ ಅದ, ಒಯ್ಯಿ" ಅಂದರು ಸಾಬರು.
ತಕ್ಕಡಿಯಲ್ಲಿ ಅದರ ತೂಕ ಮಾತ್ರ ಬಿಡಲಿಲ್ಲ.

ತೀನ್ ಕಂದೀಲಿನ ಹಿಂದೆ, ಮೆಟ್ಟಿಲ ಕೆಳಗೆ ನನ್ನ ಅಂಗಡಿ.
ಚಾರ್ಜರು ಕೂಡಿಸಲು ಹನ್ನೊಂದು ದಿನ.
ಎದ್ದಾಗ ಅದಕ್ಕೆ ಏನೂ ನೆನಪಿರಲಿಲ್ಲ,
ಧಣಿಯ ಹೆಸರು, ಇಸವಿ, ಏನೂ.
ಮೂಲೆಯಲ್ಲೊಂದು ಗುರುತು ತೋರಿಸಿ
ಇಲ್ಲಿ ಮುಟ್ಟು ಅಂದಿತು. ಮುಟ್ಟಿದೆ.
ಆಮೇಲೆ ಸುಮ್ಮನೆ ಕೂತಿತು
ಕೆಲಸ ಕೇಳಿ ಬಂದ ಹುಡುಗನ ಹಾಗೆ.

ಹೊಸ ಕಾಲದ್ದು ಯಾವುದೂ ಅದರ ಹೊಟ್ಟೆಗೆ ಅರಗದು.
ಕಡೆಗೆ ಲಿಂಗಸುಗೂರಿನ ಕಂಪ್ಯೂಟರ್ ಮಾಸ್ತರರ ಕಪಾಟಿನಲ್ಲಿ,
ಜಿರಳೆ ತಿಂದ ಪತ್ರಿಕೆಗೆ ಅಂಟಿದ್ದ ಸೀಡಿಯಲ್ಲಿ
ಸಿಕ್ಕಿತು ನಲವತ್ತೊಂದು ಊರುಗಳ ರೈಲು ನಕ್ಷೆ.
ನೆಟ್ ಬೇಡ, ಟವರು ಬೇಡ.
ಎಲ್ಲಿಂದ, ಎಲ್ಲಿಗೆ, ಅಷ್ಟು ಹೇಳಿದರೆ ಸಾಕು,
ಎಲ್ಲಿ ಇಳಿದು ಯಾವ ಗೆರೆ ಹತ್ತಬೇಕೆಂದು ಹೇಳುತ್ತದೆ.
ಹಸಿರು ಗೆರೆ, ಕೆಂಪು ಗೆರೆ ಅನ್ನುತ್ತದೆ.
ಗಾಜಿನಲ್ಲಿ ಎರಡೂ ಬೂದಿ.

ಕರೆಂಟು ಹೋದ ರಾತ್ರಿಗಳಲ್ಲಿ ಮಾಳಿಗೆ ಮೇಲೆ ಮಲಗಿ
ನಾನು ನೆಲದಡಿ ಓಡಾಡಿದೆ,
ಉಚ್ಚರಿಸಲು ಬಾರದ ನಿಲ್ದಾಣದಿಂದ
ಉಚ್ಚರಿಸಲು ಬಾರದ ನಿಲ್ದಾಣಕ್ಕೆ.
ಹದಿನೇಳು ನಿಮಿಷ, ಒಂದು ಬದಲಿ.
ಆ ಊರುಗಳಲ್ಲಿ ಈಗ ಹೊಸ ಗೆರೆ ಬಂದಿರಬಹುದು.
ನನ್ನ ಕೈಯಲ್ಲಿ ಇಪ್ಪತ್ತು ವರ್ಷದ ಹಿಂದಿನ ರೈಲು
ಒಂದು ನಿಮಿಷ ತಡವಾಗದೆ ಬರುತ್ತದೆ.

ಟಂಟಂ ಓಡಿಸುವ ಮೌಲಾಲಿ ಚಾ ಕುಡಿಯುತ್ತ ಕೇಳಿದ,
"ಇದ್ರಾಗ ರಾಯಚೂರ ಅದಾ?"
ಇಲ್ಲ ಅಂದೆ.
"ಮತ್ತ ಹಾಕು. ನಿನ್ನ ಕೈ ಹಿಡಿದವ್ರು ಯಾರು?"

ಕೂತೆವು. ಕನ್ನಡ ಬರೆದರೆ ಸಾಲಾಗಿ ಖಾಲಿ ಚೌಕ ಬಿದ್ದವು,
ಕಟ್ಟಿ ಯಾರೂ ಒಕ್ಕಲು ಬಾರದ ಮನೆಗಳ ಹಾಗೆ.
ಇಂಗ್ಲಿಷ್ ಅಕ್ಷರದಲ್ಲೇ ಬರೆದೆ,
ಗಂಜ್, ಪಟೇಲ್ ಚೌಕ, ಬಸ್‌ಸ್ಟ್ಯಾಂಡ್, ಸ್ಟೇಷನ್.
ಮೌಲಾಲಿ ತಡೆದ. "ಜಾಲಿ ಗಿಡ ಬಿಟ್ಟಿ.
ಅಲ್ಲಿ ದಿನಾ ಮೂರು ಮಂದಿ ಇಳೀತಾರ."
ಬರೆದೆ. "ಸುಟ್ಟ ಟ್ರಾನ್ಸ್‌ಫಾರ್ಮರ್." ಬರೆದೆ.
"ಫಕೀರಮ್ಮನ ಮನಿ."
ಅದು ನಿಲ್ದಾಣವಾ?
"ಆಕಿ ಮೊಣಕಾಲು ನೋಡು, ಹೌದಂತೀ."

ಯಂತ್ರ ಕೇಳಿತು, ಗಂಜಿನಿಂದ ಸ್ಟೇಷನ್ನಿಗೆ ಎಷ್ಟು ನಿಮಿಷ?
ಮೌಲಾಲಿ ಗ್ಲಾಸು ಕೆಳಗಿಟ್ಟ.
"ಎಂಟು ಮಂದಿ ತುಂಬಿದ ಮ್ಯಾಲ ಒಂಬತ್ತು."
ತುಂಬುವುದಕ್ಕೆ?
"ಹತ್ತಿ ಬಂದ ದಿನ ಎರಡು.
ಬ್ಯಾಸಗಿ ಮಧ್ಯಾಹ್ನ ಕೇಳಬ್ಯಾಡ.
ಏಳು ಮಂದಿ ಬೆವರು ಒರೆಸ್ಕೋತ ಕುಂತಿರ್ತಾರ,
ಎಂಟನೇದಾಂವ ಇನ್ನೂ ಮನ್ಯಾಗ ಉಣ್ಣಾಕತ್ತಿರ್ತಾನ."

ಯಂತ್ರಕ್ಕೆ ಒಂದೇ ಅಂಕಿ ಬೇಕು.
ಖಾಲಿ ಬಿಟ್ಟರೆ ಬಯ್ಯುತ್ತದೆ. ಸೊನ್ನೆ ನುಂಗುವುದಿಲ್ಲ.
ಇಪ್ಪತ್ತು ಅಂತ ಹಾಕಿದೆ.
ಮೌಲಾಲಿ ಸುಳ್ಳುಸಾಕ್ಷಿ ಕಂಡವನಂತೆ ಮುಖ ತಿರುವಿದ.

ಪಟ್ಟಿಯಲ್ಲೀಗ ಪ್ರಾಗ್ ಆದ ಮೇಲೆ ರಾಯಚೂರು,
ಆಮೇಲೆ ರೋಮ್.
ಬ್ಯಾಟರಿ ಪೂರ್ತಿ ಬತ್ತಿದರೆ ಮತ್ತೆ ಎಲ್ಲ ಮರೆಯುತ್ತದೆ.
ಉಳಿದ ಊರುಗಳಿಗೆ ಸೀಡಿ ಇದೆ.
ರಾಯಚೂರಿಗೆ ನನ್ನ ಚಾರ್ಜರು.

ಮೊನ್ನೆ ಎರಡು ದಿನ ಕರೆಂಟಿಲ್ಲ.
ಅತ್ತ ಶಕ್ತಿನಗರದ ಚಿಮಣಿ ಹೊಗೆ ಬಿಡುತ್ತಲೇ ಇತ್ತು.
ಯಂತ್ರದಲ್ಲಿ ಒಂದೇ ಗೆರೆ ಉಸಿರು.
ಮೌಲಾಲಿ ಕಸಿದುಕೊಂಡು ಟಂಟಂ ಬ್ಯಾಟರಿಗೆ ವೈರು ಸುತ್ತಿ
ತನ್ನ ಪಾಡಿಗೆ ಟ್ರಿಪ್ಪು ಹೊಡೆಯಲು ಹೋದ.

ಸಂಜೆ ತಂದು ಮೇಜಿನ ಮೇಲಿಟ್ಟ.
"ನಲವತ್ತಾರು ನಿಮಿಷ. ತಿದ್ದಿಕೊ.
ಗಂಜಿನಿಂದ ಫಕೀರಮ್ಮನ ಮಡಿಲಾಗಿತ್ತು.
ಧೂಳು ಅಂತ ಸೆರಗು ಹೊಚ್ಚಿದ್ಲು."